ಕ್ಲಾರಿನೆಟ್ ಊದುವವರಿಗೆ ಊರಿನ ನಂಟಿಲ್ಲವೆಂದ ವೀಸಾ ಅಧಿಕಾರಿಗಳಿಗೆ

ವೀಸಾ ಕಚೇರಿಯ ಮಾನ್ಯ ಅಧಿಕಾರಿಗಳೇ,

ಆಸ್ಪತ್ರೆಯಲ್ಲಿ ಮಲಗಿರುವ ತಮ್ಮನನ್ನು, ಅಂದರೆ ನನ್ನ ಗಂಡನನ್ನು, ನೋಡಲು ಬರಬೇಕಿದ್ದ ನನ್ನ ಭಾವ ಇಸಿದೋರ್ ಅವರಿಗೆ ನೀವು ಎರಡನೆಯ ಸಲವೂ ವೀಸಾ ನಿರಾಕರಿಸಿದ್ದೀರಿ. ಕಾರಣ, ಅವರಿಗೆ ಸ್ವಂತ ಊರಿನೊಂದಿಗೆ ಸಾಕಷ್ಟು ನಂಟಿಲ್ಲವಂತೆ. ಆಸ್ಟ್ರೇಲಿಯದ ಈ ಪರ್ತ್‌ಗೆ ಬಂದರೆ ಹಿಂತಿರುಗುವ ಭರವಸೆ ಇಲ್ಲವಂತೆ. ಇಂಗ್ಲಿಷಿನಲ್ಲಿ ಬರೆದ ಮನವಿಗಳು ನಿಮಗೆ ಅರ್ಥವಾಗಲಿಲ್ಲ. ಹೇಗೂ ನೀವು ಓದುವುದಿಲ್ಲವೆಂದ ಮೇಲೆ, ನನಗೆ ಸುಲಭವಾದ ಭಾಷೆಯಲ್ಲೇ, ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲೇ ಜಗಳವಾಡುತ್ತೇನೆ.

ಕಳೆದ ವರ್ಷ, 2015ರಲ್ಲಿ, ಇಟಲಿಯ ಆ ಹೆಸರಾಂತ ಪಿಟೀಲು ವಾದಕರು ಪರ್ತ್ ಸಿಟಿಗೆ ನುಡಿಸಲು ಬಂದಾಗ ಸ್ವಾಗತ ಭಾಷಣ ನಿಮ್ಮದೇ ಇತ್ತು. ಲೋಕವೆಲ್ಲ ಸುತ್ತಿದರೂ ಅವರು ತಲೆಗೂದಲು ಕತ್ತರಿಸಿಕೊಳ್ಳುವುದು ಹುಟ್ಟೂರಿನ ಕ್ಷೌರಿಕನ ಹತ್ತಿರವೇ, ಎಲ್ಲಿದ್ದರೂ ಊರ ಇಗರ್ಜಿಯ ಹಬ್ಬಕ್ಕೆ ಬಂದು ನುಡಿಸುತ್ತಾರೆ ಎಂದು ನೀವು ಕೊಂಡಾಡಿದಿರಿ. ಹಿಂದಿನ ಸಾಲಿನಲ್ಲಿದ್ದ ನನ್ನ ಗಂಡ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ನಮ್ಮ ಅಣ್ಣನ ಹಾಗೆಯೇ ಅಲ್ವಾ ಮಾರಾಯ್ತಿ," ಎಂದರು.

ಆ ಅಣ್ಣನ ವಿಷಯ ಕೇಳಿ. ಉಡುಪಿ ಕಡೆಯ ನಮ್ಮ ಊರಿನ ಬ್ಯಾಂಡಿನಲ್ಲಿ ಅವರದು ಕ್ಲಾರಿನೆಟ್, ನನ್ನ ಗಂಡನದು ಡ್ರಮ್ಮು. ನಾವು ಕುವೈತ್‌ಗೆ ಹೋಗಿ ಅಲ್ಲಿಂದ ಇಲ್ಲಿಗೆ ಬಂದೆವು. ಅವರು ಊರು ಬಿಡಲಿಲ್ಲ. ಮದುವೆಯಾಗಲಿಲ್ಲ, ಜಮೀನು ಮಾಡಲಿಲ್ಲ. ಊರವರ ಮದುವೆಗಳಲ್ಲಿ ಊದಿದರು, ಸತ್ತವರನ್ನು ಮನೆಯಿಂದ ಇಗರ್ಜಿಗೆ ಊದುತ್ತಲೇ ಕರೆದೊಯ್ದರು. ಅರ್ಜಿ ತುಂಬಿಕೊಟ್ಟ ಪಕ್ಕದ ಮನೆಯ ವಿನಯ ಮೊದಲೇ ಎಚ್ಚರಿಸಿದ್ದ. "ಆಂಟಿ, ವಾಪಸ್ ಹೋಗೋಕೆ ಕಾರಣ ಅಂದ್ರೆ ಮನೆ, ಜಮೀನು, ಕೆಲಸ ತೋರಿಸ್ಬೇಕು. ಹಬ್ಬದಲ್ಲಿ ಬ್ಯಾಂಡ್ ಬಾರಿಸ್ಬೇಕು ಅಂತ ಬರೆದ್ರೆ ರಿಜೆಕ್ಟ್ ಮಾಡ್ಬಿಡ್ತಾರೆ." ನಾನು ಕೇಳಲಿಲ್ಲ. ಮೇರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬದ ದಿನ ಹೊಸ ತೆನೆಯ ಮೆರವಣಿಗೆಗೆ ಕ್ಲಾರಿನೆಟ್ ಊದಲು ಊರಿನಲ್ಲಿ ಬೇರೆ ಯಾರೂ ಇಲ್ಲ ಎಂದೇ ಬರೆಸಿದೆ. ಹಿಂತಿರುಗಲು ಅದಕ್ಕಿಂತ ದೊಡ್ಡ ಕಾರಣ ನಮ್ಮವರಿಗೆ ಯಾವುದಿದೆ? ಇಟಲಿಯ ಹಬ್ಬ ಸಂಸ್ಕೃತಿ, ನಮ್ಮ ಹಬ್ಬ ಬರೀ ನೆಪವೇ?

ನನ್ನ ಗಂಡನಿಗೆ ಲಿವರ್ ಕ್ಯಾನ್ಸರ್. ಈಸ್ಟರ್ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಅಣ್ಣ ಪಕ್ಕದಲ್ಲಿ ಕೂತು ಊದುವುದನ್ನು ಒಮ್ಮೆ ಕೇಳಬೇಕು, ಅಷ್ಟೇ ಅವರ ಆಸೆ. ಫೋನಿನಲ್ಲಿ ಕೇಳಿಸಬಹುದಲ್ಲ ಎಂದು ನಿಮ್ಮ ಸಹಾಯವಾಣಿಯ ಮೆಲನಿ ಸಲಹೆ ಕೊಟ್ಟಳು. ಇಟಲಿಯವರನ್ನೂ ಫೋನಿನಲ್ಲೇ ಕೇಳಬಹುದಿತ್ತಲ್ಲ, ಅವರನ್ನು ಯಾಕೆ ಕರೆಸಿದಿರಿ?

ಮೂರನೆಯ ಅರ್ಜಿ ಹಾಕಿದ್ದೇನೆ. ನೀವು ಕೊಡುವುದಿಲ್ಲವೆಂದು ನನಗೆ ಗೊತ್ತು, ವಿನಯನಿಗೆ ಗೊತ್ತು, ಭಾವನಿಗೂ ಗೊತ್ತು. ನನ್ನ ಗಂಡನಿಗೆ ಮಾತ್ರ ಗೊತ್ತಿಲ್ಲ. ಅವರು ದಿನಾ ಬೆಳಿಗ್ಗೆ ಆಸ್ಪತ್ರೆಯ ಗೌನು ಬಿಚ್ಚಿಸಿ ಬಿಳಿ ಅಂಗಿ ಹಾಕಿಸಿಕೊಳ್ಳುತ್ತಾರೆ. ಅಣ್ಣನ ಕಣ್ಣಿಗೆ ಕಾಯಿಲೆಯವನಂತೆ ಕಾಣಬಾರದಂತೆ. "ವಿಮಾನ ಎಷ್ಟು ಗಂಟೆಗೆ?" ಎಂದು ಕೇಳುತ್ತಾರೆ. "ನಾಳೆ" ಎನ್ನುತ್ತೇನೆ. ದಿನಾ ಇದೇ ಸುಳ್ಳು ಸ್ವಾಮಿ. ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಈ ಸಲದ ನಿರಾಕರಣೆಯನ್ನು ಇಮೇಲ್‌ನಲ್ಲಿ ಕಳಿಸಬೇಡಿ. ನಿಮ್ಮ ಕಚೇರಿಯ ಎದುರಿನಿಂದಲೇ ಆಸ್ಪತ್ರೆಗೆ ಪುಕ್ಕಟೆ ಬಸ್ಸಿದೆ. ಬನ್ನಿ, ಅವರ ಮಂಚದ ಪಕ್ಕ ನಿಂತು, ಅಣ್ಣ ಬರುವುದಿಲ್ಲ ಎಂದು ನೀವೇ ಹೇಳಿ.

ಇಂತಿ,
ಅಲ್ಲಿಯವರೆಗೆ ‘ನಾಳೆ’ ಎಂದೇ ಹೇಳಬೇಕಾದ
ಡೋರಿಸ್
ಪರ್ತ್