ಕಣ್ಣು ಮುಚ್ಚಿದರೆ ಕಾಲಿಲ್ಲ

ಭಾನುವಾರ, ಮಧ್ಯಾಹ್ನ

ನನ್ನ ದೊಡ್ಡ ಮಗಳಿಗೆ ಅಮ್ಮನ ಆಶೀರ್ವಾದ.

ಕೆಟ್ಟ ಕನಸೊಂದು ಬಿತ್ತು. ತೀರಿಹೋದ ನನ್ನ ಅಣ್ಣ, ನಿನ್ನ ಮಾವ, ನಮ್ಮ ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದ. ತಂಗೀ, ಒಳಗೆ ನನ್ನ ಕಾಲಿದೆಯಾ ನೋಡು ಅಂದ. ಕೈ ಹಾಕಿದೆ. ಕಾಲಿರಲಿಲ್ಲ, ಕಮಟು ಹಿಡಿದ ಎಣ್ಣೆಯಿತ್ತು. ಎಣ್ಣೆ ಪ್ಯಾಕ್ ಮಾಡುವ ಶೆಡ್ಡಿನಲ್ಲಿ ದಿನವಿಡೀ ಡಬ್ಬ ಮೂಸುವವಳು ನಾನು; ಎದ್ದ ಮೇಲೂ ಬೆರಳಿನ ವಾಸನೆ ಹೋಗಲಿಲ್ಲ.

ಇದನ್ನು ಫೋನಿನಲ್ಲಿ ಹೇಳಿದರೆ, ಮತ್ತೆ ಶುರುವಾಯ್ತಾ ನಿನ್ನ ಗಾಬರಿ ಅಂತೀಯ, ನಾನು ಫೋನು ಇಟ್ಟುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಐದನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು, ತಪ್ಪಿದ್ದರೆ ತಿದ್ದಿಕೊಂಡು ಓದು.

ಮಾವ ಕುಡಿದವನಲ್ಲ ಮಗಳೇ. ಬೀದಿಯವರೆಲ್ಲ ಉಯ್ಯಾಲೆ ಅಂತ ಕರೆದು ನಗುತ್ತಿದ್ದರು, ಅವನೂ ನಗುತ್ತಿದ್ದ. ತನ್ನ ಪಾದ ನೋಡಿಕೊಂಡೇ ನಡೆಯುತ್ತಿದ್ದ. ಮೆಟ್ಟಿಲಿಳಿಯುವಾಗ ದೀಪ ಆರಿತು, ಬಿದ್ದ, ಅಷ್ಟೇ.

ಈಗ ನಿನ್ನ ತಂಗಿ ಹಾಗೇ ಆಡುತ್ತಿದ್ದಾಳೆ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಳೋ, ಯಾರೋ ತಳ್ಳಿದಂತೆ ಪಕ್ಕಕ್ಕೆ ವಾಲುತ್ತಾಳೆ. ಮೊನ್ನೆ ಕರೆಂಟು ಹೋದಾಗ ಅವಳ ಪಾದ ನನ್ನ ತೊಡೆಯ ಮೇಲಿತ್ತು, ಬೆರಳು ನೀವುತ್ತಿದ್ದೆ. ಕತ್ತಲಲ್ಲಿ ಮೆಲ್ಲಗೆ ಕೇಳಿದಳು, ಅಮ್ಮಾ, ನನ್ನ ಕಾಲು ಎಲ್ಲಿದೆ ಅಂತ. ಅದು ಇನ್ನೂ ನನ್ನ ಕೈಯಲ್ಲೇ ಇತ್ತು.

ಮಾವನಿಗಿದ್ದ ಕಾಯಿಲೆಯ ಬಗ್ಗೆ, ಆಸ್ಪತ್ರೆಯಲ್ಲಿ ಕೆಲಸ ಮಾಡುವ ನೀನು ಹೇಳಿದ್ದು ನನ್ನ ತಲೆಗೆ ಹೋದಷ್ಟು ಇಷ್ಟು. ಜೀವಕೋಶದ ಪೊರೆಯೆಲ್ಲ ಕೊಬ್ಬು. ಅದು ಕಮಟಾಗದಂತೆ ಕಾಯುವುದು ವಿಟಮಿನ್ ಇ. ತಿಂದರೆ ಸಾಲದು, ಪಿತ್ತಜನಕಾಂಗದಲ್ಲಿ ಅದನ್ನು ಎತ್ತಿ ರಕ್ತದ ಗಾಡಿಗೆ ಹೇರುವ ಒಂದು ಪ್ರೋಟೀನು ಬೇಕು, ಹಮಾಲಿಯ ಹಾಗೆ. ಹುಟ್ಟಿನಿಂದಲೇ ಆ ಹಮಾಲಿ ಕೆಟ್ಟಿದ್ದರೆ ವಿಟಮಿನ್ನು ನರದವರೆಗೆ ಹೋಗುವುದೇ ಇಲ್ಲ. ಆಗ ಉಸಿರಾಡುವ ಗಾಳಿಯೇ ನರದ ಕೊಬ್ಬನ್ನು ಸುಡುತ್ತದೆ. ಬೇಗ ಗೊತ್ತಾದರೆ ದೊಡ್ಡ ಪ್ರಮಾಣದ ಗುಳಿಗೆಯಿಂದ ತಡೆಯಬಹುದು, ಸುಟ್ಟು ಹೋದದ್ದು ಮಾತ್ರ ಪೂರ್ತಿ ಮರಳುವುದಿಲ್ಲ. ಸರಿಯಾಗಿ ಬರೆದೆನಾ?

ನಿನ್ನ ತಂಗಿಯ ರಕ್ತ ಪರೀಕ್ಷೆ ಮಾಡಿಸಿದಾಗ, ವಿಟಮಿನ್ನು ಬೇಕಾದಷ್ಟಿದೆ, ಮಾವನ ಕಾಯಿಲೆ ಅಲ್ಲ, ಗುಳಿಗೆಯೂ ಬೇಡ ಅಂದರು ಡಾಕ್ಟರು. ನೀನೂ ನೆಮ್ಮದಿಯ ಉಸಿರು ಬಿಟ್ಟೆ. ನಾನೂ ಅವತ್ತು ಹೊಟ್ಟೆ ತುಂಬಾ ಉಂಡೆ.

ರಕ್ತ ತೆಗೆಯುವವರೆಗೆ ಮುಚ್ಚಳ ಬಿಚ್ಚಬೇಡಿ ಅಂತ ಹೇಳಿ ನೀನು ಮೊದಲೇ ಕಳಿಸಿದ್ದೆಯಲ್ಲ, ಆ ವಿಟಮಿನ್ ಗುಳಿಗೆ ಬಾಟಲಿ. ಇನ್ನು ಬೇಡವಲ್ಲ, ಔಷಧಿ ಅಂಗಡಿಗೆ ವಾಪಸು ಕೊಡೋಣ ಅಂತ ನಿನ್ನೆ ಎತ್ತಿಕೊಂಡರೆ ಹಗುರ. ಅರ್ಧ ಖಾಲಿ. ಚಿಕ್ಕವಳನ್ನು ಕೇಳಿದೆ. ಮೊದಲು ಇಲಿ ತಿಂದಿರಬೇಕು ಅಂದಳು. ಮುಚ್ಚಳ ತಿರುಗಿಸುವ ಇಲಿಯೇನೇ ಅಂದೆ. ನಕ್ಕಳು, ಆಮೇಲೆ ಅತ್ತಳು. ಮಾವನ ಹಾಗೆ ಬೀಳೋಕೆ ಹೆದರಿಕೆ ಆಯ್ತಮ್ಮಾ, ಅಕ್ಕ ಬಾಟಲಿ ಕಳಿಸಿದ ದಿನದಿಂದಲೇ ನುಂಗ್ತಿದ್ದೆ, ಬೇಡ ಅಂದ ಮೇಲೆ ಬಿಟ್ಟೆ ಅಂದಳು. ರಕ್ತ ಕೊಟ್ಟ ಬೆಳಗ್ಗೆಯೂ ನುಂಗಿದ್ದಳಂತೆ.

ಅಂದರೆ ಡಾಕ್ಟರಿಗೆ ಕಂಡದ್ದು ಅವಳ ರಕ್ತವೋ, ನಿನ್ನ ಬಾಟಲಿಯೋ? ನನಗೆ ತಿಳಿಯುವುದಿಲ್ಲ, ನಿನಗೆ ತಿಳಿಯುತ್ತದೆ. ಅವಳನ್ನು ಬೈಯಬೇಡ. ಈಗ ಗುಳಿಗೆ ಕೊಡಲೋ, ಬಿಡಲೋ? ಕೊಟ್ಟರೆ ಪರೀಕ್ಷೆ ಮತ್ತೆ ಸುಳ್ಳಾದೀತು, ಬಿಟ್ಟರೆ ಒಳಗೆ ಸುಡುತ್ತಿದ್ದೀತು. ಎರಡರ ನಡುವೆ ನನಗೆ ಅನ್ನ ಇಳಿಯುತ್ತಿಲ್ಲ.

ಇಂತಿ ನಿನ್ನ ಹೆದರುಪುಕ್ಕಲಿ ಅಮ್ಮ

ಇನ್ನೊಂದು ಮಾತು: ಕಾಗದ ಮಡಚುವಾಗ ಚಿಕ್ಕವಳು ಬಂದಳು. ತೊಂದರೆ ಕಾಲಿಗಷ್ಟೇ ಇರಲಿ ದೇವರೇ ಅಂದುಕೊಂಡು, ಕಣ್ಣು ಮುಚ್ಚಿ ಎರಡೂ ಕೈ ಚಾಚಲು ಹೇಳಿದೆ. ಚಾಚಿದಳು. ಸ್ವಲ್ಪ ಹೊತ್ತಿಗೆ ಬೆರಳುಗಳು ಒಂದೊಂದಾಗಿ ಏಳತೊಡಗಿದವು, ಗಾಳಿಯಲ್ಲಿ ಏನನ್ನೋ ಹುಡುಕುವ ಹಾಗೆ ನಿಧಾನಕ್ಕೆ ಹರಿದಾಡಿದವು. ಅವಳ ಮುಖದಲ್ಲಿ ನಗು. ನೋಡಮ್ಮಾ, ಒಂಚೂರೂ ಅಲ್ಲಾಡಿಸದೆ ಹಿಡಿದಿದ್ದೀನಿ ಅಂದಳು. ಹೌದು ಕಂದಾ ಅಂದೆ. ಅವಳ ರಕ್ತವನ್ನು ಹೊಸದಾಗಿ ಇನ್ನೊಮ್ಮೆ ನೋಡಿಸು.