ದನಿ ಇಲ್ಲದ ಹೊತ್ತು

ಬಡವನಹಳ್ಳಿ
ಸೋಮವಾರ

ಶ್ರೀಲತಾ,

"ನಿಮ್ಗೆ ಬೇಕಾಗಿರೋದು ಕಣ್ಣು ಕಣ್ರೀ, ನಾನಲ್ಲ" ಅಂದೆಯೋ, "ಹೆಂಡ್ತಿಯಲ್ಲ" ಅಂದೆಯೋ, ಸರಿಯಾಗಿ ನೆನಪಾಗುತ್ತಿಲ್ಲ. ನೀನು ಪಾವಗಡದ ಬಸ್ಸು ಹತ್ತುತ್ತಿದ್ದೆ, ಕಂಡಕ್ಟರ್ ಕೂಗುತ್ತಿದ್ದ.

ಲ್ಯಾಪ್‌ಟಾಪಿನ ವಿಷಯ ಬರೆಯಬೇಕಿತ್ತು. ಅದರ ಹಳೆಯ ಆಪರೇಟಿಂಗ್ ಸಿಸ್ಟಂನಲ್ಲಿ ಶಿಕ್ಷಣ ಇಲಾಖೆಯ ವೆಬ್‌ಸೈಟ್ ತೆರೆಯುತ್ತಿಲ್ಲ, ಮಕ್ಕಳ ಅಂಕಗಳನ್ನು ತುಂಬಲಾಗುತ್ತಿಲ್ಲ. ಹೊಸದಕ್ಕೆ ಈ ಯಂತ್ರ ತಕ್ಕದ್ದಲ್ಲ ಎಂದು ಕಂಪನಿ ಕೈಬಿಟ್ಟಿದೆ. ಆದರೂ ಹೇಗೋ ಹಾಕಬಹುದಂತೆ, ಶಿರಾದ ಕಂಪ್ಯೂಟರ್ ಅಂಗಡಿಯ ನಯಾಜ್ ಹೇಳಿದ. ಹಾಕುವಷ್ಟು ಹೊತ್ತು, ನನಗೆ ಪರದೆಯನ್ನು ಓದಿ ಹೇಳುವ ದನಿ ಮಾತ್ರ ಇರುವುದಿಲ್ಲ. ಯಂತ್ರ ಏನೇನೋ ಕೇಳುತ್ತದೆ. ಕಣ್ಣು ಕಾಣದ ನಾನು ತಪ್ಪು ಒತ್ತಿದರೆ ಇಷ್ಟು ವರ್ಷದ ಪಾಠಗಳೆಲ್ಲ ಅಳಿಸಿಹೋಗುತ್ತವೆ. ಯಾರಾದರೂ ಪಕ್ಕದಲ್ಲಿ ಕೂತು ಓದಬೇಕು.

ನೀನು ಒಂದು ದಿನದ ಮಟ್ಟಿಗೆ ಬಂದರೆ ಸಾಕು. ಹೀಗೆ ಕೇಳಿ ನಿನ್ನ ಮಾತನ್ನೇ ನಿಜ ಮಾಡುತ್ತಿದ್ದೇನೆ ಎಂಬುದು ಗೊತ್ತು. ಬೀಗದ ಕೈ ಎಂದಿನ ಜಾಗದಲ್ಲೇ ಇದೆ.

ನಿನ್ನನ್ನು ಕರೆಸುತ್ತೇನೆ ಎಂದಾಗ ನಯಾಜ್ ನಕ್ಕ. "ಅಯ್ಯೋ ಸಾರ್, ಇಷ್ಟಕ್ಕೆಲ್ಲ ಅಮ್ಮಾವ್ರನ್ನ ಯಾಕೆ ಕರೆಸ್ತೀರ? ಇಲ್ಲೇ ಬುಟ್ಟೋಗಿ, ಸಂಜೆಗೆ ನಾನೇ ಹಾಕ್ಕೊಡ್ತೀನಿ. ನಿಮ್ದು ಒಂದಕ್ಷರಾನೂ ಹೋಗಲ್ಲ."

ಅವನು ಹಾಕಿಕೊಡುತ್ತಾನೆ, ಅದರಲ್ಲಿ ಅನುಮಾನವಿಲ್ಲ. ನಾನೇ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು, ಮನೆಯವರನ್ನು ಕೇಳಿ ಹೇಳುತ್ತೇನೆ ಎಂದು ಎದ್ದು ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದು ತೊಡೆಯ ಮೇಲಿತ್ತು.

ಭಾನುವಾರ ಅವನು ಫೋನ್ ಮಾಡುತ್ತಾನೆ. ಏನು ಹೇಳಲಿ?

ಪಾತಲಿಂಗಪ್ಪ