ಬಿಗಿಯದೆ ಬಿಟ್ಟ ಕ್ಲಿಪ್ಪು

ತೂಬಗೆರೆ
೧೨ ಫೆಬ್ರುವರಿ ೨೦೨೫, ಬುಧವಾರ
ಮಧ್ಯಾಹ್ನ ಮೂರೂವರೆ

ಮಗನೇ ಬೈರೇಶ,

ನೀನು ತುಮಕೂರಿನ ಹಾಸ್ಟೆಲಿನಲ್ಲಿದ್ದಾಗ ನಾನು ಬರೆಯುತ್ತಿದ್ದ ಹಾಗೆಯೇ ಶುರು ಮಾಡಿದ್ದೇನೆ. ಆಗೆಲ್ಲ ಮೊದಲ ಸಾಲಿನಲ್ಲಿ ಆರೋಗ್ಯವಾಗಿದ್ದೀಯಾ ಎಂದು ಕೇಳುತ್ತಿದ್ದೆ. ಈಗಲೂ ಕೈ ಅದನ್ನೇ ಬರೆಯಲು ಹೋಯಿತು. ಬರೆದೇ ಬಿಡುತ್ತೇನೆ. ಆರೋಗ್ಯವಾಗಿದ್ದೀಯಾ? ಜೂನ್ ತಿಂಗಳಲ್ಲಿ ಬೈಪಾಸಿನಲ್ಲಿ ಲಾರಿ ನಿನ್ನ ಬೈಕಿಗೆ ಬಡಿದ ದಿನ ನಾವು ಓಡಿ ಬರುವ ಹೊತ್ತಿಗೆ ಈ ಮಾತು ಕೇಳುವುದಕ್ಕೆ ನೀನೇ ಇರಲಿಲ್ಲ. ಅದಕ್ಕೇ ಅದು ಬಾಯಲ್ಲೇ ಉಳಿದುಕೊಂಡಿದೆ. ನಾವಿಲ್ಲಿ ಇದ್ದೇವೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿಮ್ಮಮ್ಮ ಹೊತ್ತಿಗೆ ಸರಿಯಾಗಿ ಅಡುಗೆ ಮಾಡುತ್ತಾಳೆ, ಮಾತು ಮಾತ್ರ ಕಡಿಮೆ.

ಬೆಳಿಗ್ಗೆ ಚಪ್ಪರ ಹಾಕಿದೆವು. ಆಮೇಲೆ ಬಳೆಗಾರ ಬಂದ, ಹೆಂಗಸರು ನಡುಮನೆಯಲ್ಲಿ ಕುಳಿತು ಬಳೆ ತೊಟ್ಟರು. ಸಿಂಚನಳ ಮದುವೆ ಕಣಪ್ಪ. ವರ್ಷದೊಳಗೆ ಮನೆಯಲ್ಲಿ ಒಂದು ಶುಭಕಾರ್ಯ ಆಗಿಬಿಡಲಿ ಎಂದು ಹಿರಿಯರೆಲ್ಲ ಕೂತು ಹೇಳಿದರು. ನಿಮ್ಮಮ್ಮ ಬೇಡ ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ, ಎದ್ದು ಹೋಗಿ ರಾಗಿ ಕೇರಿದಳು. ಹುಡುಗ ನೀನು ನೋಡಿ ಒಪ್ಪಿದ್ದ ಮನೋಹರನೇ. ನಾಳೆ ಸಂಜೆ ದೇವನಹಳ್ಳಿಯ ಛತ್ರದಲ್ಲಿ ಆರತಕ್ಷತೆ, ನಾಡಿದ್ದು ಮುಹೂರ್ತ. ಅವರ ಕಡೆಯವರು ಹುಡುಗಿಯನ್ನು ಕರೆದೊಯ್ಯಲು ದೊಡ್ಡ ಕಾರು ಕಳಿಸುತ್ತೇವೆ ಎಂದಾಗ ನಿನ್ನ ತಂಗಿ ಒಂದೇ ಮಾತು ಹೇಳಿದಳು. "ಅಣ್ಣನ ಕಾರಲ್ಲೇ ಹೋಗ್ತೀನಿ. ಇಲ್ದಿದ್ರೆ ನಮ್ಮೂರ್ ಬಸ್ಸು ಐತೆ."

ನೀನು ಅವಳಿಗೆ ಮಾತು ಕೊಟ್ಟಿದ್ದೆಯಲ್ಲ. ಏರ್‌ಪೋರ್ಟಿನ ಕೆಲಸಕ್ಕೆ ಸೇರಿದ ಮೇಲೆ ಯಾರದೋ ಹಿತ್ತಿಲಲ್ಲಿ ಕೋಳಿ ಮಲಗುತ್ತಿದ್ದ ಆ ಹಳೇ ಪದ್ಮಿನಿ ಕಾರನ್ನು ಟ್ರಾಕ್ಟರಿಗೆ ಕಟ್ಟಿ ಎಳೆದು ತಂದೆ. ರಜೆ ಬಂದರೆ ಅದರ ಕೆಳಗೇ ಮಲಗಿರುತ್ತಿದ್ದೆ. ನಿಮ್ಮಮ್ಮ "ಈ ಗುಜರೀಗೆ ಹೆಣ್ಣು ಕೊಡೋರು ಯಾರ್ಲಾ" ಎಂದು ಬೈಯುತ್ತಲೇ ಸ್ಪ್ಯಾನರು ಎತ್ತಿ ಕೊಡುತ್ತಿದ್ದಳು, ಯಾವ ನಂಬರಿನದು ಎಂದು ನೀನು ಹೇಳುವ ಮುಂಚೆಯೇ. ಹಸಿರು ಬಣ್ಣ ಆರಿಸಿದ್ದು ಸಿಂಚನ. "ನಿನ್ನ ಮದ್ವೆಗೆ ಇದ್ರಲ್ಲೇ ಕಳಿಸ್ತೀನಿ ಕಣೇ. ದಾರೀಲಿ ನಿಂತ್ರೆ ಮಾತ್ರ ಸೀರೆ ಎತ್ತಿ ಕಟ್ಕೊಂಡು ನೀನೇ ತಳ್ಬೇಕು" ಎಂದು ನೀನು ರೇಗಿಸಿದ್ದನ್ನು ನೆನೆದು ಅವಳು ನಿನ್ನೆ ನಕ್ಕಳು. ನಗುತ್ತಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಈಗ ನಾನು ಯಾರಿಗೂ ಹೇಳದೆ ಇಟ್ಟುಕೊಂಡಿರುವ ಮಾತು. ಜೂನಿನ ಆ ಭಾನುವಾರ ನೀನು ಇಂಜಿನ್ನಿಗೆ ಗಾಳಿ ಹೋಗುವ ರಬ್ಬರ್ ಪೈಪು ಹೊಸದು ಹಾಕುತ್ತಿದ್ದೆ. ಪೈಪು ಕೂರಿಸಿ, ಮೇಲೆ ಕ್ಲಿಪ್ಪು ತೊಡಿಸಿದೆ. ಅಷ್ಟರಲ್ಲಿ ಫಿಲ್ಟರ್ ತರಬೇಕು ಎಂದು ನೆನಪಾಗಿ ದೊಡ್ಡಬಳ್ಳಾಪುರಕ್ಕೆ ಹೊರಟೆ. ಬೈಕ್ ಸ್ಟಾರ್ಟ್ ಮಾಡಿಕೊಂಡು ನನಗೆ ಕೂಗಿ ಹೇಳಿದೆ. "ಅಪ್ಪಾ, ಕ್ಲಿಪ್ ಬಿಗಿ ಮಾಡಿಲ್ಲ. ನಾನು ಬರೋವರ್ಗೂ ಸ್ಟಾರ್ಟ್ ಮಾಡ್ಬೇಡ." ನಾನು ತೋಟದ ಪೈಪು ತೊಳೆಯುತ್ತಿದ್ದೆ, ತಲೆ ಎತ್ತದೆ ಹೂಂ ಎಂದೆ. ಅಂದಿನಿಂದ ಕಾರು ಟಾರ್ಪಾಲಿನ ಕೆಳಗೇ ಇದೆ. ಕೊಳ್ಳುತ್ತೇವೆ ಎಂದು ಒಬ್ಬಿಬ್ಬರು ಬಂದರು, ಸ್ಟಾರ್ಟ್ ಮಾಡಿ ನೋಡುತ್ತೇವೆ ಎಂದರು. ನಿಮ್ಮಮ್ಮ ಬೀಗದ ಕೈಯನ್ನು ದೇವರ ಗೂಡಿನಲ್ಲಿಟ್ಟು "ಇನ್ನೊಂದ್ ದಿನ ನೋಡೋಣ" ಎಂದು ಕಳಿಸಿದಳು. ಗಾಳಿಗೆ ಟಾರ್ಪಾಲು ಹಾರಿದಾಗಲೆಲ್ಲ ಅವಳೇ ಹೋಗಿ ಹಗ್ಗ ಕಟ್ಟಿ ಬರುತ್ತಿದ್ದಳು. ಕಣ್ಣಿಗೆ ಬೀಳದಿರಲಿ ಎಂದು ಹಾಗೆ ಮಾಡುತ್ತಾಳೆ ಎಂದುಕೊಂಡಿದ್ದೇನೆ.

ಇವತ್ತು ಮೆಕ್ಯಾನಿಕ್ ಪಿಳ್ಳಣ್ಣ ಬಂದು ಹಳೇ ಪೆಟ್ರೋಲು ತೆಗೆದು ಹೊಸದು ಹುಯ್ದ. ಬ್ಯಾಟರಿ ಹಾಕಿದ, ಫಿಲ್ಟರ್ ಹಾಕಿದ. ಆಮೇಲೆ ಆ ಪೈಪನ್ನು ಬೆರಳಿನಿಂದ ಅಲ್ಲಾಡಿಸಿ, "ಇದು ಲೂಸ್ ಐತೆ ಅಪ್ಪಯ್ಯಣ್ಣ. ರಸ್ತೆ ಪೂರ್ತಿ ಅಗೆದವ್ರೆ, ಹಿಂಗೇ ಹೋದ್ರೆ ದೂಳೆಲ್ಲ ಸೀದಾ ಇಂಜಿನ್‌ಗೆ. ದೇವನಹಳ್ಳಿ ಸೇರೋಷ್ಟರಲ್ಲಿ ಕೆಮ್ಮೋಕ್ ಶುರು ಮಾಡ್ತೈತೆ" ಎಂದು ಸ್ಕ್ರೂ ಡ್ರೈವರ್ ತೆಗೆದ. ನಾನು ಅವನ ಕೈ ಹಿಡಿದುಕೊಂಡೆ. ನಾನೇ ಮಾಡ್ತೀನಿ ಬಿಡು ಎಂದೆ. "ಎರಡು ಸುತ್ತು ತಿರುಪೋಕೂ ಮುಹೂರ್ತ ನೋಡ್ಬೇಕಾ? ಪುರೋಹಿತ್ರು ಇಲ್ಲೇ ಅವ್ರೆ, ಕೇಳ್ಬಿಡ್ಲಾ?" ಎಂದು ನಕ್ಕ. ಆಮೇಲೆ ನನ್ನ ಮುಖ ನೋಡಿ ಕೈ ಒರೆಸಿಕೊಂಡು ಹೋದ.

ನಿಜವಾಗಿಯೂ ಎರಡೇ ಸುತ್ತು. ನಿನ್ನ ಹಳದಿ ಹಿಡಿಯ ಸಣ್ಣ ಸ್ಕ್ರೂ ಡ್ರೈವರ್ ಹಿಡಿದು ಬಹಳ ಹೊತ್ತು ಬಗ್ಗಿ ನಿಂತಿದ್ದೆ. ಆ ತಿರುಪು ನಿನ್ನ ಕೈ ಬಿಟ್ಟ ಜಾಗದಲ್ಲೇ ನಿಂತಿದೆ. ಬಿಗಿ ಮಾಡಿದರೆ, ನೀನು ಬರುವುದಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗೆ. ಮಾಡದಿದ್ದರೆ ಸಿಂಚನಳಿಗೆ ನೀನು ಕೊಟ್ಟ ಮಾತು ಹೋಗುತ್ತದೆ. ಆಗಲಿಲ್ಲ ಕಣಪ್ಪ. ಸ್ಕ್ರೂ ಡ್ರೈವರನ್ನು ಇಂಜಿನ್ನಿನ ಪಕ್ಕದಲ್ಲೇ ಇಟ್ಟು ಒಳಗೆ ಬಂದು ಇದನ್ನು ಬರೆಯಲು ಕುಳಿತೆ. ನಿನ್ನನ್ನು ಕೇಳಿ ಮಾಡೋಣ ಎನ್ನಿಸಿತು.

ಅಂಚೆಗೆ ಹಾಕುವ ಕಾಗದವಲ್ಲ ಎಂದು ಗೊತ್ತು. ಕಾರಿನ ಮುಂದಿನ ಡಬ್ಬಿಯಲ್ಲಿಡುತ್ತೇನೆ. ಎಲ್ಲಿದ್ದರೂ ತಂಗಿಯನ್ನು ಹರಸು. ನೀನು ತಣ್ಣಗಿರು ಮಗನೇ.

ನಿನ್ನ ಅಪ್ಪ
ಅಪ್ಪಯ್ಯಣ್ಣ

ಮತ್ತೆ: ಕಾಗದ ಇಡಲು ಹೋದೆ. ಬಾನೆಟ್ಟಿನೊಳಗೆ ನಿಮ್ಮಮ್ಮ ಬಗ್ಗಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಕೈಯಲ್ಲಿ ಹೊಸ ಹಸಿರು ಬಳೆ, ನಿನ್ನ ಹಳದಿ ಸ್ಕ್ರೂ ಡ್ರೈವರ್. ತಿರುಗಿಯೂ ನೋಡದೆ "ಪೈಪ್ ಹಿಡ್ಕೊ, ಜಾರ್ತೈತೆ" ಎಂದಳು. ಹಿಡಿದುಕೊಂಡೆ. ಎರಡು ಸುತ್ತು ತಿರುಗಿಸಿದಳು, ಆಮೇಲೆ ಇನ್ನರ್ಧ. "'ನಾನು ಬರೋವರ್ಗೂ ಅಪ್ಪನ್ನ ಕಾರ್ ಸ್ಟಾರ್ಟ್ ಮಾಡೋಕ್ ಬಿಡ್ಬೇಡಮ್ಮ' ಅಂತ ನನ್ಗೂ ಹೇಳೇ ಹೋಗಿದ್ದ. ಇಷ್ಟ್ ದಿನ ನಾನ್ ಬಿಟ್ಟೆನಾ?" ಎಂದಳು. ಮಡಿಲಿನಿಂದ ಬೀಗದ ಕೈ ತೆಗೆದು ಕೊಟ್ಟಳು. ಅದಕ್ಕೆ ಕುಂಕುಮ ಅಂಟಿತ್ತು. ಇಂಜಿನ್ನು ಮೊದಲ ಸಲಕ್ಕೆ ಹತ್ತಲಿಲ್ಲ, ಎರಡನೆಯದಕ್ಕೆ ಹತ್ತಿತು. ಸದ್ದು ಚೆನ್ನಾಗಿದೆ. ನಾಳೆ ಹತ್ತು ಗಂಟೆಗೆ ಹೊರಡುತ್ತೇವೆ, ನಾನೇ ಓಡಿಸುತ್ತೇನೆ.